ಗೋಲಿ ಗೆಡ್ಡೆಗೂ ಒಂದು ಗೋಣಿ ಹೊದಿಸಿ, ಸ್ವಾಮಿ!

ಸಂಜೆ ಬಸ್ಸಿಳಿದು ಉಪ್ಪಾರಹಳ್ಳಿ ಮೇಲ್ಸೇತುವೆ ಕಡೆ ನಡೆಯುವವರಿಗೆಲ್ಲ ಗೊತ್ತಿರುವ ನೋಟ ಇದು. ತಳ್ಳುಗಾಡಿಯ ಮೇಲೆ ದಪ್ಪ ಆಲೂಗಡ್ಡೆ, ಮಣ್ಣು ಒರೆಸಿ, ಸಾಲಾಗಿ ಜೋಡಿಸಿ, ಮದುವೆ ಗಂಡಿನ ಹಾಗೆ ಕೂರಿಸಿರುತ್ತಾರೆ. ಗೋಲಿ ಗಾತ್ರದ್ದು, ಬೆರಳುದ್ದದ್ದು ಮಾತ್ರ ಗಾಡಿಯ ಪಕ್ಕ ನೆಲದ ಮೇಲೆ, ಬಾಯಿ ತೆರೆದ ಚೀಲದಲ್ಲಿ. ಹಗಲೆಲ್ಲ ಬಿಸಿಲು, ಕತ್ತಲಾದರೆ ಬಲ್ಬಿನ ಬೆಳಕು. ಕೇಳಿದರೆ, "ಅದು ಚಿಲ್ರೆ ಮಾಲು ಬಿಡಿ ಸಾರ್, ರೇಟು ಕಮ್ಮಿ" ಅಂತಾರೆ.

ರೇಟು ಕಮ್ಮಿ, ಒಪ್ಪಿದೆವು. ಅದಕ್ಕೇ ಅದನ್ನು ಕೊಳ್ಳುವವರು ಯಾರು ಅಂತ ಸ್ವಲ್ಪ ನೋಡಿ. ಗಾರೆ ಕೆಲಸ ಮುಗಿಸಿ ಬರುವವರು, ನಾಲ್ಕು ಮನೆ ಮುಸುರೆ ತಿಕ್ಕಿ ಬರುವ ತಾಯಂದಿರು. ಮನೆಗೆ ಹೋಗಿ ಒಂದೊಂದು ಗೋಲಿಯ ಸಿಪ್ಪೆ ಹೆರೆಯುತ್ತಾ ಕೂರಲು ಅವರಿಗೆ ಪುರಸೊತ್ತೆಲ್ಲಿ? ತೊಳೆದು, ಇಡಿಯಾಗಿ, ಸಿಪ್ಪೆ ಸಮೇತ ಬೇಯಿಸುತ್ತಾರೆ.

ಹಾಗೆ ಬೇಯಿಸುವುದೇ ರುಚಿ ಕೂಡ, ಸುಳ್ಳೇಕೆ ಹೇಳಬೇಕು! ಉಪ್ಪು ನೀರಲ್ಲಿ ಬೇಯಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ ಸಿಪ್ಪೆ ಬಿರಿಯುವಂತೆ ಮಾಡಿ, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿದರೆ ಮುದ್ದೆ ಪಕ್ಕಕ್ಕೆ ಬೇರೇನೂ ಬೇಡ. ಚಳಿಗಾಲದಲ್ಲಿ ಅವರೆಕಾಳು ಸಾರಿಗೆ ಹಾಕಿದರಂತೂ ದಪ್ಪ ಗೆಡ್ಡೆಯ ಹೋಳು ಕರಗಿ ಗಂಜಿಯಾಗುತ್ತದೆ; ಗೋಲಿ ಮಾತ್ರ ಇಡಿಯಾಗಿ ನಿಂತು ಖಾರ ಹೀರಿಕೊಳ್ಳುತ್ತದೆ. ಅಮೆರಿಕ, ಫ್ರಾನ್ಸ್ ಕಡೆ ಬೆರಳುದ್ದದ 'ಫಿಂಗರ್‌ಲಿಂಗ್' ಗೆಡ್ಡೆಗೆ ದಪ್ಪದ್ದಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತಾರೆ. ಅದು ಬಲಿತರೂ ಸಣ್ಣಗೇ ಇರುವ ಬೇರೆ ತಳಿ. ನಮ್ಮದು ದಪ್ಪ ಗೆಡ್ಡೆಯ ಜೊತೆ ಅದೇ ಗಿಡದಲ್ಲಿ ಹುಟ್ಟಿದ ತಮ್ಮ. "ಎಳೇದು ಸಾರ್" ಅಂತ ಮಾರುವವರ ಮಾತು ಪೂರ್ತಿ ನಂಬಬೇಡಿ.

ಈಗ ವಿಷಯಕ್ಕೆ ಬರೋಣ. ಬೆಳಕಿಗೆ ಬಿದ್ದ ಆಲೂಗಡ್ಡೆ ಕೆಲವೇ ದಿನದಲ್ಲಿ ಹಸಿರಾಗುತ್ತದೆ. ಹಸಿರು ಬಣ್ಣದಿಂದ ತೊಂದರೆಯಿಲ್ಲ, ಅದು ಎಲೆಯ ಬಣ್ಣವೇ. ಆದರೆ ಅದರ ಜೊತೆಗೇ ಸೊಲನೈನ್ ಎಂಬ ವಿಷ ಹೆಚ್ಚುತ್ತದೆ. ನಾಲಿಗೆಗೆ ಕಹಿ, ಗಂಟಲಲ್ಲಿ ಉರಿ. ಹೆಚ್ಚು ತಿಂದರೆ ಹೊಟ್ಟೆನೋವು, ವಾಂತಿ, ಭೇದಿ. ಕುದಿಸಿದರೆ ಹೋಗುವ ವಿಷವಲ್ಲ. ಇರುವುದು ಬಹುಪಾಲು ಸಿಪ್ಪೆಯಲ್ಲಿ, ಮೊಳಕೆಯಲ್ಲಿ. ದಪ್ಪ ಗೆಡ್ಡೆಯಾದರೆ ದಪ್ಪಗೆ ಹೆರೆದು ಎಸೆಯಬಹುದು. ಗೋಲಿಯಲ್ಲಿ ತಿರುಳಿಗೆ ಹೋಲಿಸಿದರೆ ಸಿಪ್ಪೆಯೇ ಜಾಸ್ತಿ, ಅದನ್ನು ತಿನ್ನುವುದೂ ಸಿಪ್ಪೆ ಸಮೇತ! ನೆರಳು ಬೇಕಾದ ಮಾಲಿಗೇ ನಾವು ಬಿಸಿಲು ಕಾಯಿಸುತ್ತಿದ್ದೇವೆ.

ಬೆಳೆಯುವವನ ಪಾಡು ನೋಡಿ. ನಮ್ಮ ಗುಬ್ಬಿ, ಕುಣಿಗಲ್ ಸೀಮೆ ತೆಂಗು, ರಾಗಿಯದು. ಆಲೂಗಡ್ಡೆಗೆ ಹಾಸನ, ಚಿಕ್ಕಬಳ್ಳಾಪುರದ ಕಡೆಗೇ ನೋಡಬೇಕು. ಹಾಸನದ ರೈತ ಜಲಂಧರದ ಬಿತ್ತನೆ ಗೆಡ್ಡೆಗೆ ದುಡ್ಡು ಸುರಿದು, ಮುಂಗಾರು ಮೋಡ ಕವಿದರೆ ಅಂಗಮಾರಿ ರೋಗಕ್ಕೆ ಹೆದರುತ್ತಾ, ಸುಮಾರು ನೂರು ದಿನ ಕಾಯುತ್ತಾನೆ. ನಡುವೆ ಸಾಲಿಗೆ ಮಣ್ಣು ಏರಿಸುತ್ತಾನೆ. ಯಾಕೆ? ಗೆಡ್ಡೆ ಹೊರಗೆ ಕಂಡರೆ ಹಸಿರಾಗುತ್ತದೆ ಅಂತ! ಮೂರು ತಿಂಗಳು ಅವನು ಮಣ್ಣಲ್ಲಿ ಬಚ್ಚಿಟ್ಟು ಕಾಪಾಡಿದ್ದನ್ನು ನಾವು ಮೂರು ದಿನದಲ್ಲಿ ಕೆಡಿಸಿ, ತಕ್ಕಡಿಗೆ ಹಾಕುತ್ತೇವೆ.

ಇದಕ್ಕೆ ಸರ್ಕಾರದ ಆರ್ಡರು ಬರಬೇಕೆ? ಚೀಲದ ಮೇಲೆ ಒಂದು ಹಳೇ ಗೋಣಿ ಹೊದಿಸಿದರೆ ಸಾಕು, ಖರ್ಚಿಲ್ಲ. ಬೆಳಗ್ಗೆ ಅಂಗಡಿ ತೆರೆಯುವಾಗ ಹಸಿರಾದದ್ದು, ಮೊಳಕೆ ಬಂದದ್ದು ಆರಿಸಿ ಎಸೆಯಿರಿ. ಅಂತರಸನಹಳ್ಳಿ ಮಾರುಕಟ್ಟೆಯಿಂದ ತರುವಾಗ ಎರಡು ದಿನಕ್ಕೆ ಆಗುವಷ್ಟೇ ತನ್ನಿ. ಗೋಲಿಯಲ್ಲಿ ಒಂದು ಗಾತ್ರದ್ದು ಆರಿಸಿ ಬೇರೆ ಬುಟ್ಟಿಗೆ ಹಾಕಿದರೆ ಕಿಲೋಗೆ ಎರಡು ರೂಪಾಯಿ ಜಾಸ್ತಿಯೇ ಕೇಳಿ, ಕೊಡುವವರಿದ್ದಾರೆ.

ಕೊಳ್ಳುವವರಿಗೂ ಒಂದು ಮಾತು. ಬಸ್ಸು ಬಂತು ಅಂತ ಓಡುವ ಅವಸರದಲ್ಲಿ ಅಂಗಡಿಯವನು ತುಂಬಿದ ಕವರನ್ನು ಹಾಗೇ ಹಿಡಿದು ಹೋಗಬೇಡಿ. ಗೆಡ್ಡೆ ತಿರುಗಿಸಿ ನೋಡಿ. ಬಲ್ಬಿನ ಕೆಳಗೆ ಹಸಿರು ಸರಿಯಾಗಿ ಕಾಣುವುದಿಲ್ಲ, ಒಂದು ಹೆಜ್ಜೆ ಈಚೆಗೆ ಬಂದು ನೋಡಿ. ಅಂಗಡಿಯವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.