ಕಿರುದಾರಿಯ ಹಿರಿಮೆ

ಶಿವಮೊಗ್ಗ ನಗರದಲ್ಲಿ ಹೊಸಮನೆ ಎಂಬ ಬಡಾವಣೆಯೊಂದಿದೆ. ಭದ್ರಾವತಿಯಲ್ಲಿಯೂ ಅದೇ ಹೆಸರಿನ ಬಡಾವಣೆಯುಂಟು. ಒಂದು ತುಂಗೆಯ ತಡಿಯ ಊರಿನದು. ಇನ್ನೊಂದು ಭದ್ರೆಯ ತಡಿಯ ಊರಿನದು. ಈ ಎರಡು ಊರುಗಳ ನಡುವಣ ಅಂತರ ಸುಮಾರು 20 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೆ ಇದೊಂದು ದೂರವೇ ಅಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಒಂದು ಹೊಸಮನೆಯಿಂದ ಮತ್ತೊಂದು ಹೊಸಮನೆಗೆ ತನ್ನ ಸೈಕಲ್ಲಿನಲ್ಲಿ ಹೋಗಿಬರುತ್ತೇನೆಂದರೆ ಮನೆಯ ಹಿರಿಯರು ಒಪ್ಪುವರೆ? ಬಹುಮಟ್ಟಿಗೆ ಒಪ್ಪಲಾರರು. ಹುಡುಗಿಗೆ ಶಕ್ತಿ ಸಾಲದೆಂಬುದು ಅವರ ಅಂಜಿಕೆಗೆ ಕಾರಣವಲ್ಲ. ಅವರು ಅಂಜುವುದು ರಸ್ತೆಗೆ. ನಮ್ಮ ರಸ್ತೆಗಳು ಯಾರಿಗಾಗಿ ಇವೆ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ರಸ್ತೆಯೊಂದನ್ನು ಹೊಗಳಬೇಕಾದಾಗ ನಾವು ಅದರ ಅಗಲವನ್ನೂ ಅದರ ಮೇಲೆ ಸಾಗುವ ವಾಹನಗಳ ವೇಗವನ್ನೂ ಹೇಳುತ್ತೇವೆ. ಈ ಅಳತೆಗೋಲು ಸಾಲದೆಂಬುದು ನನ್ನ ಅಭಿಪ್ರಾಯ. ಆ ರಸ್ತೆಯ ಮೇಲೆ ಶಾಲೆಯ ಮಗು ನಿರ್ಭಯವಾಗಿ ಸೈಕಲ್ ತುಳಿದು ಹೋಗಬಲ್ಲುದೆ, ವೃದ್ಧರೊಬ್ಬರು ನೆಮ್ಮದಿಯಿಂದ ನಡೆಯಬಲ್ಲರೆ ಎಂಬುದನ್ನೂ ಕೇಳಬೇಕು. ಹೀಗೆ ಕೇಳಿದಾಗ, ಭೂಪಟದಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಕಾಣುವ ನಮ್ಮ ಹಳ್ಳಿಗಳ ಕಿರುದಾರಿಗಳು ಎಷ್ಟು ದೊಡ್ಡ ಸಂಪತ್ತು ಎಂಬುದು ತಿಳಿಯುತ್ತದೆ.

ಸೈಕಲ್ಲು ಬಡವರ ವಾಹನವೆಂದು ಕೆಲವರು ಹಗುರವಾಗಿ ಮಾತನಾಡುವುದುಂಟು. ಆದರೆ ಮನುಷ್ಯನ ಬುದ್ಧಿಯಿಂದ ಹುಟ್ಟಿದ ಯಂತ್ರಗಳಲ್ಲಿ ಇದರಷ್ಟು ಮಿತವ್ಯಯಿಯಾದುದು ವಿರಳ. ನಡೆಯುವಾಗ ವೆಚ್ಚವಾಗುವಷ್ಟೇ ಶಕ್ತಿಯಿಂದ ಸೈಕಲ್ ಸವಾರನು ಮೂರು ನಾಲ್ಕು ಪಟ್ಟು ದೂರವನ್ನು ಕ್ರಮಿಸಬಲ್ಲನು. ಇದಕ್ಕೆ ಪೆಟ್ರೋಲು ಬೇಡ. ಇದರಿಂದ ಹೊಗೆಯಿಲ್ಲ, ಸದ್ದಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದಲೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದಲೂ ಭದ್ರಾವತಿ ಉಕ್ಕು-ಕಾಗದಗಳ ಊರೆಂದು ಹೆಸರಾಯಿತು. ಪಾಳಿ ಬದಲಾಗುವ ಹೊತ್ತಿನಲ್ಲಿ ಊಟದ ಡಬ್ಬಿಯನ್ನು ಹಿಡಿಗೆ ತೂಗುಹಾಕಿಕೊಂಡು ಸಾಲುಗಟ್ಟಿ ಸಾಗುತ್ತಿದ್ದ ಕಾರ್ಮಿಕರ ಸೈಕಲ್ಲುಗಳು ಆ ಊರಿನ ಹಿರಿಯರಿಗೆ ಇಂದಿಗೂ ನೆನಪಿವೆ. ಒಂದು ಊರಿನ ದುಡಿಮೆ ಎರಡು ಚಕ್ರಗಳ ಮೇಲೆ ನಡೆದ ಕಾಲವದು.

ಸೈಕಲ್ಲಿನ ನಿಜವಾದ ಗುಣ ಇನ್ನೊಂದಿದೆ. ಅದು ನೆಲವನ್ನು ಪರಿಚಯ ಮಾಡಿಸುತ್ತದೆ. 'ದೇಶ ಸುತ್ತು, ಕೋಶ ಓದು' ಎಂದರು ನಮ್ಮ ಹಿರಿಯರು. ಸುತ್ತುವುದೆಂದರೆ ಕಿಟಕಿಯ ಪಕ್ಕದಲ್ಲಿ ತೂಕಡಿಸುತ್ತ ಊರು ತಲುಪುವುದಲ್ಲ. ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೊರಟವನಿಗೆ ನೆಲವು ಮೆಲ್ಲಮೆಲ್ಲನೆ ಅಲೆಯಲೆಯಾಗಿ ಏಳತೊಡಗುತ್ತದೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಯ ಬಿಡಾರ, ಹಕ್ಕಿಗಳು ನೆಲಸುವ ಮಂಡಗದ್ದೆ — ಇವನ್ನು ದಾಟಿ ತುಂಗೆಯ ಜಾಡು ಹಿಡಿದು ಸಾಗುವ ಹಾದಿ ತೀರ್ಥಹಳ್ಳಿಗೆ ಮುಟ್ಟುತ್ತದೆ. ಆ ಹೆದ್ದಾರಿಯಲ್ಲಿ ಈಗ ವಾಹನಗಳ ಭರಾಟೆ ಹೆಚ್ಚು. ಆದರೆ ಅದನ್ನು ಬಿಟ್ಟು ಕುಪ್ಪಳಿ, ಕವಲೇದುರ್ಗ, ಕೋಣಂದೂರು, ಹುಂಚಗಳ ಸುತ್ತಣ ಒಳದಾರಿಗಳಿಗೆ ಹೊರಳಿದರೆ ಬೇರೊಂದು ಲೋಕವೇ ತೆರೆಯುತ್ತದೆ. ಒಂದು ಏರು, ಒಂದು ಇಳಿವು. ಏರಿನಲ್ಲಿ ಕಾಡು, ಇಳಿವಿನಲ್ಲಿ ಅಡಕೆಯ ತೋಟ, ತಗ್ಗಿನಲ್ಲಿ ಗದ್ದೆಯ ಕೋಗು, ಅದರ ಅಂಚಿನಲ್ಲಿ ಹಳ್ಳ. ಮಲೆನಾಡಿನಲ್ಲಿ ತೋಟವು ಕಣಿವೆಯಲ್ಲಿಯೇ ಏಕಿದೆ, ಮನೆಯು ಗದ್ದೆಗಿಂತ ಎತ್ತರದಲ್ಲಿ ಏಕಿದೆ ಎಂಬುದನ್ನು ಪುಸ್ತಕವು ಒಂದು ಪುಟದಲ್ಲಿ ವಿವರಿಸಬಹುದು. ಸೈಕಲ್ ತುಳಿಯುವವನ ಕಾಲುಗಳು ಅದನ್ನು ಅರ್ಧ ದಿನದಲ್ಲಿ ತಾವೇ ಕಲಿಯುತ್ತವೆ.

ಆಗುಂಬೆಯ ಏರನ್ನು ಮುಟ್ಟಿದವನಿಗೆ ಈ ಪಾಠ ಪೂರ್ಣವಾಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರದು. ಅಲ್ಲಿ ಘಟ್ಟದ ನೆತ್ತಿಯ ಪೂರ್ವಕ್ಕೆ ಬಿದ್ದ ಹನಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯನ್ನು ಕೂಡಿ, ನೂರಾರು ಮೈಲಿ ಹರಿದು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಪಶ್ಚಿಮದ ಇಳಿಜಾರಿಗೆ ಬಿದ್ದ ಹನಿಯಾದರೋ ಸೀತಾನದಿಯ ಪಾಲಾಗಿ ಸ್ವಲ್ಪ ದೂರದಲ್ಲಿಯೇ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಆಕಾಶ ತಿಳಿಯಾಗಿದ್ದ ಸಂಜೆ ಆ ನೆತ್ತಿಯಿಂದಲೇ ಕಡಲಿನಲ್ಲಿ ಮುಳುಗುವ ಸೂರ್ಯನನ್ನು ಕಾಣಬಹುದು. ಹದಿನಾಲ್ಕು ತಿರುವುಗಳ ಘಾಟಿಯನ್ನಿಳಿದರೆ ಸೋಮೇಶ್ವರ, ಹೆಬ್ರಿಗಳ ಮೂಲಕ ಕರಾವಳಿ. ಕಡಿದಾದ ಆ ಘಾಟಿಯನ್ನು ಮಕ್ಕಳು ಹಿರಿಯರ ಜೊತೆಯಿಲ್ಲದೆ, ಅದರಲ್ಲೂ ಮಳೆಗಾಲದಲ್ಲಿ, ಇಳಿಯತಕ್ಕುದಲ್ಲ. ಆದರೆ ಕೆಳಗಿನ ಕರಾವಳಿಯಲ್ಲಿ ಮತ್ತೆ ಸೌಮ್ಯವಾದ ದಾರಿಗಳು ಕಾಯುತ್ತಿರುತ್ತವೆ. ಉಡುಪಿಯ ಬಳಿ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಸಾಗುವ ದಾರಿಗೆ ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಹೊಳೆ. ಮೀನಿನ ಬಲೆ, ತೆಂಗಿನ ನೆರಳು, ಗುಳ್ಳಬದನೆಯ ಗದ್ದೆ — ಇವೆಲ್ಲ ಕೈಗೆಟುಕುವಷ್ಟು ಹತ್ತಿರ. ಹೆದ್ದಾರಿಯಲ್ಲಿ ಓಡುವ ಕಾರಿಗೆ ಈ ಸಾಮೀಪ್ಯ ದೊರೆಯದು.

ಈ ದಾರಿಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ನಾಯಕರ ಕಾಲದಲ್ಲಿ ಮಲೆನಾಡಿನ ಮೆಣಸು ಹೇರೆತ್ತುಗಳ ಬೆನ್ನೇರಿ ಘಟ್ಟವಿಳಿದು ಬಸರೂರು, ಹೊನ್ನಾವರಗಳ ಬಂದರನ್ನು ಸೇರುತ್ತಿತ್ತು. 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಬಿದನೂರು, ಎಂದರೆ ಇಂದಿನ ನಗರ, ವ್ಯಾಪಾರದ ದೊಡ್ಡ ಕೇಂದ್ರವಾಗಿತ್ತು. ಎತ್ತಿನ ನಡಿಗೆಗೆ ತಕ್ಕಂತೆ ಮೂಡಿದ ಆ ಹಾದಿಗಳು ಬೆಟ್ಟವನ್ನು ಸೀಳದೆ, ಅದರ ಸೊಂಟವನ್ನು ಬಳಸಿ ಸಾಗಿದುವು. ಇಂದು ನಗರದ ಸುತ್ತಣ ಒಳದಾರಿಗಳಲ್ಲಿ ಸೈಕಲ್ ತುಳಿಯುವವನು ಚರಿತ್ರೆಯ ಬೆನ್ನ ಮೇಲೆಯೇ ಸವಾರಿ ಮಾಡುತ್ತಾನೆ.

ಇದಕ್ಕೆ ಪ್ರತಿಯಾಗಿ ಒಂದು ಮಾತು ಕೇಳಿಬರಬಹುದು: 'ನೀವು ಸೊಬಗನ್ನು ವರ್ಣಿಸುತ್ತೀರಿ, ಹಳ್ಳಿಯ ರೋಗಿ ಬೇಗ ಆಸ್ಪತ್ರೆ ಸೇರುವುದು ಬೇಡವೆ? ರೈತನ ಅಡಕೆ ಮಾರುಕಟ್ಟೆಗೆ ಹೋಗುವುದು ಬೇಡವೆ?' ಈ ಮಾತು ನ್ಯಾಯವಾದುದು. ಮಳೆಗಾಲದಲ್ಲಿ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುವ ಹಳ್ಳಿಯ ಸಂಕಟವನ್ನು ಬಲ್ಲವರು ಯಾರೂ ಒಳ್ಳೆಯ ರಸ್ತೆ ಬೇಡವೆನ್ನಲಾರರು. ಆದರೆ ಒಳ್ಳೆಯ ರಸ್ತೆ ಬೇರೆ, ಧಾವಂತದ ರಸ್ತೆ ಬೇರೆ. ದೂರದ ಊರುಗಳನ್ನು ಕೂಡಿಸಲು ಹೆದ್ದಾರಿಗಳಿರಲಿ. ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿಗೆ ಗುಂಡಿಯಿಲ್ಲದ ಡಾಂಬರು, ಗಟ್ಟಿಯಾದ ಸೇತುವೆ, ನೀರು ಹರಿದುಹೋಗಲು ಚರಂಡಿ ಇದ್ದರೆ ಸಾಕು. ಆಂಬುಲೆನ್ಸೂ ಲಾರಿಯೂ ಅಲ್ಲಿ ಸಾಗಬಲ್ಲವು. ಅದನ್ನು ಹೆದ್ದಾರಿಯ ಅಡ್ಡದಾರಿಯಾಗಿ ಮಾಡಿ, ವೇಗದ ವಾಹನಗಳ ಪ್ರವಾಹವನ್ನು ಅದರೊಳಕ್ಕೆ ತಿರುಗಿಸಬೇಕಾಗಿಲ್ಲ.

ಪರದೇಶದ ಒಂದು ನಿದರ್ಶನವನ್ನು ಇಲ್ಲಿ ನೆನೆಯಬಹುದು. ಇಂದು ಸೈಕಲ್ಲುಗಳ ನಾಡೆಂದು ಹೆಸರಾಗಿರುವ ನೆದರ್ಲೆಂಡ್ಸ್ ಕೂಡ ಒಂದು ಕಾಲದಲ್ಲಿ ಕಾರುಗಳಿಗೆ ಬೀದಿಗಳನ್ನು ಒಪ್ಪಿಸಿಬಿಟ್ಟಿತ್ತು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಾಯಿತಂದೆಗಳು ಬೀದಿಗಿಳಿದು ಪ್ರತಿಭಟಿಸಿದರು. ಮುಂದಿನ ವರ್ಷಗಳಲ್ಲಿ ಅಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥಗಳು ಮೂಡಿದುವು. ಮನೆಗಳ ನಡುವಣ ಬೀದಿಗಳಲ್ಲಿ ವಾಹನಗಳ ವೇಗಕ್ಕೆ ಕಡಿವಾಣ ಬಿತ್ತು. ಆ ನಾಡಿಗೆ ಸೈಕಲ್ ದಾರಿಗಳು ವರವಾಗಿ ಬರಲಿಲ್ಲ. ಜನ ಕೇಳಿ ಪಡೆದರು.

ನಮ್ಮಲ್ಲಿಯೂ ಕೇಳಿದರೆ ದೊರೆಯುತ್ತದೆ ಎಂಬುದಕ್ಕೆ ಉದಾಹರಣೆಯಿದೆ. ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲು-ಕುದೂರುಗಳ ನಡುವೆ ಬೆಳೆಸಿದ ಆಲದ ಮರಗಳಿಗೆ 2019ರಲ್ಲಿ ರಸ್ತೆಯ ಅಗಲೀಕರಣದಿಂದ ಗಂಡಾಂತರ ಒದಗಿತು. ಅವರು ಸರ್ಕಾರದ ಬಾಗಿಲು ತಟ್ಟಿದರು. ಮರಗಳನ್ನು ಉಳಿಸುವ ಭರವಸೆ ದೊರೆಯಿತು. ಮರವಿಲ್ಲದ ದಾರಿ ಬಿಸಿಲಿನಲ್ಲಿ ಸೈಕಲ್ ತುಳಿಯುವವನಿಗೆ ಬಾಣಲೆಯೇ ಸರಿ. ಅಗಲೀಕರಣದ ಲೆಕ್ಕದಲ್ಲಿ ಜಲ್ಲಿಯ ಬೆಲೆ, ಡಾಂಬರಿನ ಬೆಲೆ ಇರುತ್ತವೆ. ನೆರಳಿನ ಬೆಲೆಯೂ ಇರಬೇಕು.

ನಮ್ಮ ರಾಜ್ಯ ಸರ್ಕಾರವು 2006-07ರಲ್ಲಿ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಅದರಿಂದ ಲಕ್ಷಾಂತರ ಮಕ್ಕಳಿಗೆ, ವಿಶೇಷವಾಗಿ ದೂರದ ಹಳ್ಳಿಗಳ ಹೆಣ್ಣುಮಕ್ಕಳಿಗೆ, ಶಾಲೆ ಹತ್ತಿರವಾಯಿತು. ಅದು ಮೆಚ್ಚತಕ್ಕ ಕಾರ್ಯ. ಆದರೆ ಸೈಕಲ್ಲನ್ನು ಕೊಟ್ಟ ಸಮಾಜವು ಅದನ್ನು ತುಳಿಯಲು ನಿರ್ಭಯವಾದ ದಾರಿಯನ್ನು ಕೊಟ್ಟಿತೆ? ದಾರಿಯಿಲ್ಲದ ಸೈಕಲ್ಲು ನೀರಿಲ್ಲದ ದೋಣಿಯಂತೆ. ಹೆದ್ದಾರಿಯ ಅಂಚಿನಲ್ಲಿ ಸೈಕಲ್ಲಿಗೆಂದೇ ಒಂದು ಪಥ, ಒಳದಾರಿಗಳಲ್ಲಿ ವೇಗದ ಮಿತಿ, ಕವಲುಗಳಲ್ಲಿ ಊರಿನ ಹೆಸರು ಬರೆದ ಫಲಕ, ಅಲ್ಲಲ್ಲಿ ನೆರಳು — ಇಷ್ಟನ್ನು ಮಾಡಲು ದೊಡ್ಡ ಬೊಕ್ಕಸ ಬೇಕಾಗಿಲ್ಲ, ಮನಸ್ಸು ಬೇಕು.

ವಿದ್ಯಾರ್ಥಿಗಳೇ, ಈ ಕಾರ್ಯದಲ್ಲಿ ನಿಮಗೂ ಪಾಲಿದೆ. ರಜೆಯ ದಿನ ನಾಲ್ಕಾರು ಗೆಳೆಯರು ಕೂಡಿ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ನಿಮ್ಮ ಊರಿನ ಸುತ್ತಣ ಕಿರುದಾರಿಗಳಲ್ಲಿ ಸಂಚರಿಸಿರಿ. ಎಲ್ಲಿ ನೆರಳಿದೆ, ಎಲ್ಲಿ ಕುಡಿಯುವ ನೀರಿದೆ, ಯಾವ ತಿರುವು ಅಪಾಯದ್ದು, ಯಾವ ಮೋರಿ ಕುಸಿದಿದೆ, ಹಳೆಯ ಗುಡಿಯೋ ವೀರಗಲ್ಲೋ ಎಲ್ಲಿದೆ ಎಂಬುದನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತಿಸಿರಿ. ಆ ನಕ್ಷೆಯನ್ನು ಶಾಲೆಯ ಗೋಡೆಗೆ ಅಂಟಿಸಿ ಸುಮ್ಮನಾಗಬೇಡಿ. ಗ್ರಾಮ ಪಂಚಾಯಿತಿಯು ನಡೆಸುವ ಮಕ್ಕಳ ಗ್ರಾಮಸಭೆಗೆ ಕೊಂಡೊಯ್ದು, 'ಈ ದಾರಿ ನಮಗೆ ಬೇಕು. ಇದನ್ನು ಹೀಗೆ ಕಾಪಾಡಿರಿ' ಎಂದು ವಿನಯದಿಂದ, ಆದರೆ ದೃಢವಾಗಿ ಕೇಳಿರಿ. ಮಕ್ಕಳು ಅಂಜದೆ ಸಾಗುವ ದಾರಿಯಲ್ಲಿ ಉಳಿದವರೆಲ್ಲರೂ ಅಂಜದೆ ಸಾಗಬಲ್ಲರು.