ಭರಣಿಯ ಲೆಕ್ಕದಲ್ಲಿ ಮರವೂ ಇರಲಿ

ಅಪ್ಪೆಮಿಡಿಯ ಕೊಯ್ಲು ಮುಗಿಯುವ ಹೊತ್ತಿಗೆ ಮಲೆನಾಡಿನ ಊರುಗಳಲ್ಲಿ ಹೊಸದೊಂದು ಉಪ್ಪಿನಕಾಯಿ ಉದ್ಯಮ ತಲೆಯೆತ್ತುವುದುಂಟು. ಪೇಟೆಯಿಂದ ಮರಳಿದ ಯುವಕನಿಗೂ, ಕೈಗುಣವನ್ನೇ ಬಂಡವಾಳವಾಗಿಸಿಕೊಂಡ ಗೃಹಿಣಿಗೂ ಏಕಮಾಲಿಕತ್ವವೇ ಸುಲಭದ ದಾರಿ. ಕಂಪನಿ ಸ್ಥಾಪಿಸಬೇಕಿಲ್ಲ, ಪಾಲುದಾರಿಕೆ ಪತ್ರ ಬೇಕಿಲ್ಲ. ಮಾಲಿಕರ ಪ್ಯಾನ್ ಸಂಖ್ಯೆಯೇ ಉದ್ಯಮದ್ದೂ ಹೌದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ನೋಂದಣಿ ಕಡ್ಡಾಯ. ಮನೆಯಲ್ಲಿ ತಯಾರಿಸಿದ್ದೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. 2020ರ ಜುಲೈನಲ್ಲಿ ಆರಂಭವಾದ ‘ಉದ್ಯಮ್’ ನೋಂದಣಿಗಾದರೋ ಶುಲ್ಕವೇ ಇಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡುವುದೇ ಲೇಸು.

ಆದರೆ ಕಾನೂನಿನ ಕಣ್ಣಿನಲ್ಲಿ ಇಲ್ಲಿ ಉದ್ಯಮ ಬೇರೆಯಲ್ಲ, ಮಾಲಿಕರು ಬೇರೆಯಲ್ಲ. ಉದ್ಯಮದ ಸಾಲ ತೀರದಿದ್ದರೆ ಹೊಣೆ ಮನೆ, ತೋಟಗಳವರೆಗೂ ಬರಬಹುದು. ಮಿಡಿಯ ವ್ಯವಹಾರದಲ್ಲಿ ಈ ಅಪಾಯ ಹೆಚ್ಚು. ಬೇಸಿಗೆಯ ಕೆಲವೇ ವಾರಗಳಲ್ಲಿ ಇಡೀ ವರ್ಷದ ಮಿಡಿಗೆ ಹಣ ಸುರಿಯಬೇಕು; ಮಾರಾಟದ ಹಣವೋ ಬಾಟಲಿ ಬಾಟಲಿಯಾಗಿ ವರ್ಷವಿಡೀ ಬರುವಂಥದು, ಅಂಗಡಿಯವರ ಕಡ ಬೇರೆ. ಉಪ್ಪಿಗೆ ಹಾಕಿದ ಮಿಡಿ ಕೆಡದೆಂಬುದು ತೊಟ್ಟು ಉಳಿಸಿ ಕೊಯ್ದಿದ್ದರೆ ಮಾತ್ರ ನಿಜ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಗಳು ಸೇರಿದರೆ ಭರಣಿಯೇ ಕೆಟ್ಟೀತು. ಆದ್ದರಿಂದ ಮೊದಲ ವರ್ಷ ಸಾಲ ಮಾಡದೆ ಒಂದೆರಡು ಭರಣಿಗಳಷ್ಟೇ ಹಾಕುವುದು ವಿವೇಕ. ಮನೆಯವರ ದುಡಿಮೆಗೂ ಕೂಲಿ ಹಿಡಿದೇ ಬೆಲೆ ಕಟ್ಟಬೇಕು. ಹೆಂಗಸರ ಕೆಲಸವನ್ನು ಪುಕ್ಕಟೆಯೆಂದೆಣಿಸಿ ತೋರಿಸುವ ಲಾಭ ಲಾಭವಲ್ಲ.

ಇನ್ನು ಮರದ ಮಾತು. ಯಾರು ತಂದರೂ ಒಂದೇ ದರಕ್ಕೆ ಕೊಳ್ಳುವವರು, ಅರಿಯದೆಯೇ ಕೊಂಬೆ ಕಡಿಯುವವರನ್ನು ಪೋಷಿಸುತ್ತಾರೆ. ಎತ್ತರದ ಮರವೇರಿ ಗೊಂಚಲುಗಳನ್ನು ಜೋಪಾನವಾಗಿ ಇಳಿಸುವುದು ಪ್ರಾಣಭಯದ ಕೆಲಸ. ಕೊಂಬೆಯನ್ನೇ ಕೆಡಹುವುದು ಸುಲಭ. ಹಾಗೆ ಕಡಿದಲ್ಲಿ ಮತ್ತೆ ಮಿಡಿ ಕಾಣಲು ವರ್ಷಗಳು ಬೇಕು. ಇಂಥ ಮರಗಳಲ್ಲಿ ಅನೇಕವು ಹೊಳೆದಂಡೆಯವು, ಯಾರ ಖಾತೆಗೂ ಸೇರದವು, ಆದುದರಿಂದಲೇ ಕೇಳುವವರಿಲ್ಲದವು.

ಏಕಮಾಲಿಕತ್ವದ ನಿಜವಾದ ಅನುಕೂಲ ಇರುವುದು ಇಲ್ಲಿಯೇ. ತೀರ್ಮಾನಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಕಡಿದ ಕೊಂಬೆಯ ಮಿಡಿ ಬೇಡವೆನ್ನಬಹುದು, ಮರವೇರಿ ಕೊಯ್ದವರಿಗೆ ಹೆಚ್ಚಿನ ದರ ಕೊಡಬಹುದು, ಆ ಹೆಚ್ಚಳವನ್ನು ಬಾಟಲಿಯ ಬೆಲೆಗೆ ಸೇರಿಸಬಹುದು. ಪರಿಮಳದ ಮರ ಗೊತ್ತಿದ್ದರೆ ಅದರ ಕುಡಿಯಿಂದ ಕಸಿಗಿಡ ಮಾಡಿಸಿ ತೋಟದಂಚಿಗೆ ನೆಡಬಹುದು. ಓಟೆಯಿಂದ ಹುಟ್ಟಿದ ಗಿಡ ತಾಯಿಮರದ ಗುಣವನ್ನೇ ಕೊಟ್ಟೀತೆಂಬ ಖಾತ್ರಿಯಿಲ್ಲ. ಗಿಡ ನೆಡಲು ಮಳೆಗಾಲದ ಆರಂಭವೇ ತಕ್ಕ ಸಮಯ. ಬ್ಯಾಂಕಿನ ಅರ್ಜಿ ಅನಂತರವೂ ಆದೀತು.