ಟ್ಯಾಲಿ ಆದ್ರೆ ಸಾಕಾ?

ಎರರ್ ಬರಲಿಲ್ಲ ಅಂದ್ರೆ ಕೋಡ್ ಸರಿ ಅನ್ನೋ ಮಾತು ಲ್ಯಾಬ್‌ನಲ್ಲಿ ನಡೆದೀತು. ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ನಡೆಯೋದಿಲ್ಲ.

ಯಾವ ವ್ಯವಹಾರ ಯಾವ ಖಾತೆಗೆ ಹೋಗಬೇಕು ಎಂದು ಅಲ್ಲಿ ರೂಲ್‌ಗಳೇ ನಿರ್ಧರಿಸುತ್ತವೆ. ಒರಾಕಲ್‌ನ ಸಬ್‌ಲೆಡ್ಜರ್ ಅಕೌಂಟಿಂಗ್‌ನಲ್ಲಿ ಅವನ್ನು ಆದ್ಯತೆಯ ಕ್ರಮದಲ್ಲಿ ನೋಡಲಾಗುತ್ತೆ. ಮೊದಲು ಯಾವುದರ ಷರತ್ತು ಹೊಂದಿತೋ ಅದೇ ಅಂತಿಮ. ಷರತ್ತೇ ಇಲ್ಲದ ರೂಲ್ ಮೇಲೆ ಕೂತರೆ ಕೆಳಗಿನವಕ್ಕೆ ಸರದಿಯೇ ಬರೋದಿಲ್ಲ.

ಜಿಎಸ್‌ಟಿ ಬಿಲ್ಲಿಂಗ್‌ನಲ್ಲಿ ಹೀಗಾಯ್ತು ಅಂದುಕೊಳ್ಳಿ. ಹುಬ್ಬಳ್ಳಿಯ ಅಂಗಡಿಯೊಂದು ಪುಣೆಗೆ 10,000 ರೂಪಾಯಿಯ ಸರಕು ಕಳಿಸುತ್ತೆ, ತೆರಿಗೆ ಶೇ. 18. ಹೊರರಾಜ್ಯದ ಮಾರಾಟ, ಹಾಗಾಗಿ 1,800 ರೂಪಾಯಿ ಪೂರ್ತಿ ಐಜಿಎಸ್‌ಟಿ ಖಾತೆಗೆ ಹೋಗಬೇಕು. ಮೇಲೆ ಕೂತ ರೂಲ್ ಅದನ್ನು ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900 ಎಂದು ಒಡೆದುಬಿಡುತ್ತೆ. ಡೆಬಿಟ್-ಕ್ರೆಡಿಟ್ ಟ್ಯಾಲಿ, ಟ್ರಯಲ್ ಬ್ಯಾಲೆನ್ಸೂ ಟ್ಯಾಲಿ! ಆದರೆ ಅಂಗಡಿಯವರು ಐಜಿಎಸ್‌ಟಿಯನ್ನು ಬೇರೆಯಾಗಿ ಕಟ್ಟಿ, ಮೊದಲು ಕಟ್ಟಿದ್ದರ ರೀಫಂಡ್‌ಗೆ ಅರ್ಜಿ ಹಾಕಬೇಕು. ಅಲ್ಲಿವರೆಗೆ ಅವರ ದುಡ್ಡು ಸಿಕ್ಕಿಕೊಂಡಿರುತ್ತೆ.

ಅದಕ್ಕೇ ನಾವು ಹೇಳೋದು: ಟೆಸ್ಟ್ ಕೇಸ್‌ನಲ್ಲಿ ಮೊತ್ತದ ಜೊತೆ ಖಾತೆಯನ್ನೂ ಚೆಕ್ ಮಾಡಬೇಕು. ಒಳರಾಜ್ಯದ್ದೊಂದು, ಹೊರರಾಜ್ಯದ್ದೊಂದು ಬಿಲ್ ಹಾಕಿ, ಯಾವ ರೂಲ್ ಕೆಲಸ ಮಾಡಿತು ಅಂತ ನೋಡೋಣ. ಕಾಮರ್ಸ್ ಓದೋ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೇದು.